ಪುಟಕ್ಕೊಂದು ಅಂಚು, ಅಂಚಿನೊಳಗೊಂದು ಮಾತು

ಸೀರೆಗೆ ಅಂಚು ಬೇಕು, ಧೋತರಕ್ಕೆ ಅಂಚು ಬೇಕು, ದೇವರ ಪಟಕ್ಕೆ ಕಟ್ಟು ಬೇಕು, ಮನೆಯ ಬಾಗಿಲ ಮುಂದೆ ರಂಗೋಲಿ ಬೇಕು. ಮದುವೆಯ ಕರೆಯೋಲೆಯಂತೂ ನಾಲ್ಕು ಕಡೆಗೂ ಬಳ್ಳಿಯಿಲ್ಲದೆ ಅಚ್ಚಾಗುವುದೇ ಇಲ್ಲ. ಯಾವುದನ್ನು ಗೌರವಿಸಬೇಕೆಂದು ನಮಗೆ ಅನಿಸುತ್ತದೆಯೋ ಅದರ ಸುತ್ತ ಒಂದು ಗೆರೆ ಎಳೆದು, ಉಳಿದುದರಿಂದ ಅದನ್ನು ಬೇರೆಯಾಗಿ ತೋರಿಸುವುದು ನಮ್ಮಲ್ಲಿ ಹಿಂದಿನಿಂದಲೂ ಬಂದ ರೂಢಿ. ಆದರೆ ನಮ್ಮ ಸ್ವಂತ ದಿನಗಳಿಗೆ, ನಾವು ಕಷ್ಟಪಟ್ಟು ಕಂಡುಕೊಂಡ ಒಂದೆರಡು ಮಾತುಗಳಿಗೆ, ಈ ಮರ್ಯಾದೆ ಸಲ್ಲುವುದಿಲ್ಲ. ಅವು ಹಾಜರಿ ಪುಸ್ತಕದಲ್ಲಿ ಒಂದು ಗುರುತಾಗಿ, ಪಗಾರದ ಚೀಟಿಯಲ್ಲಿ ಒಂದು ಅಂಕಿಯಾಗಿ ಮುಗಿದುಹೋಗುತ್ತವೆ.

ವಾರಕ್ಕೆ ಒಂದು ಸಲ, ಒಂದು ಪುಟಕ್ಕೆ ಅಂಚು ಕಟ್ಟಿ, ಅದರೊಳಗೆ ನಮಗೆ ಧೈರ್ಯ ಕೊಡುವ ಒಂದು ಮಾತನ್ನು ಕನ್ನಡದಲ್ಲಿ ಬರೆದಿಡುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ಹೇಳಬೇಕೆಂದಿದ್ದೇನೆ. ಪಶ್ಚಿಮದ ದೇಶಗಳಲ್ಲಿ ಇಂಥ ಪುಸ್ತಕವನ್ನು ‘ಆರ್ಟ್ ಜರ್ನಲ್’ ಎಂದು ಕರೆಯುತ್ತಾರೆ. ಅದಕ್ಕಾಗಿ ಬೆಲೆಬಾಳುವ ಕಾಗದ, ಬಣ್ಣ, ಕುಂಚಗಳನ್ನು ಮಾರುವ ಅಂಗಡಿಗಳೂ ಈಗ ನಮ್ಮ ದೊಡ್ಡ ಊರುಗಳಲ್ಲಿ ಆಗಿವೆ. ನಮಗೆ ಅಷ್ಟೆಲ್ಲ ಬೇಕಾಗಿಲ್ಲ. ಎಣಿಸಲು ಬಂದರೆ ಸಾಕು.

ಎಣಿಕೆಯೇ ಚಿತ್ರ

“ನನಗೆ ಚಿತ್ರ ಬಿಡಿಸಲು ಬಾರದು” ಎಂಬುದು ಈ ಮಾತೆತ್ತಿದ ಕೂಡಲೇ ಬರುವ ಉತ್ತರ. ಆದರೆ ನಮ್ಮ ನಾಡಿನ ಬಹುಪಾಲು ಅಲಂಕಾರವು ಚಿತ್ರ ಬರುವವರಿಂದ ಆದುದಲ್ಲ, ಎಣಿಸಬಲ್ಲವರಿಂದ ಆದದ್ದು.

ಧಾರವಾಡದ ಕಡೆಯ ಕಸೂತಿಯನ್ನೇ ನೋಡಿರಿ. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ, ನವಿಲು, ತುಳಸಿ ಕಟ್ಟೆ, ತೊಟ್ಟಿಲು ಮುಂತಾದುವನ್ನು ಹೆಣ್ಣುಮಕ್ಕಳು ಸೂಜಿಯಿಂದ ತೆಗೆಯುತ್ತಾರೆ. ಬಟ್ಟೆಯ ಮೇಲೆ ಮೊದಲು ಪೆನ್ಸಿಲಿನಿಂದ ಬರೆದುಕೊಳ್ಳುವ ಪದ್ಧತಿ ಅಲ್ಲಿ ಇಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತ, ಇಷ್ಟು ಎಳೆಯ ಮೇಲೆ, ಇಷ್ಟು ಎಳೆಯ ಕೆಳಗೆ ಎಂದು ಸೂಜಿ ನಡೆಯುತ್ತದೆ. ಕಸೂತಿಯ ಹೊಲಿಗೆಗಳು ನಾಲ್ಕು: ಗವಂತಿ, ಮುರ್ಗಿ, ನೇಗಿ, ಮೆಂತಿ. ಗವಂತಿ ಎಂದರೆ ಹೋದ ದಾರಿಯಲ್ಲಿಯೇ ಮರಳಿ ಬಂದು ನಡುವೆ ಬಿಟ್ಟ ಜಾಗವನ್ನು ತುಂಬುವ ಗೆರೆ. ಮುರ್ಗಿ ಎಂದರೆ ಮೆಟ್ಟಿಲಿನಂತೆ ಏರಿ ಇಳಿಯುವ ಗೆರೆ. ನೇಗಿ ಎಂಬುದು ನೇಯ್ದಂತೆ ಕಾಣುವ ತುಂಬು ಹೊಲಿಗೆ. ಮೆಂತಿ ಎಂಬುದು ಗುಣಾಕಾರದ ಗುರುತಿನಂತೆ ಒಂದರ ಮೇಲೊಂದು ಹಾಯುವ ಹೊಲಿಗೆ. ಗವಂತಿ, ಮುರ್ಗಿಗಳನ್ನು ಬಲ್ಲವರು ಹಾಕಿದರೆ ಬಟ್ಟೆಯ ಒಳಮೈ ಯಾವುದು, ಹೊರಮೈ ಯಾವುದು ಎಂದು ಹೇಳಲು ಬಾರದಂತೆ ಎರಡು ಕಡೆಗೂ ಒಂದೇ ವಿನ್ಯಾಸ ಮೂಡುತ್ತದೆ. ಅಕ್ಷರ ಕಲಿಯದ ಎಷ್ಟೋ ಅವ್ವಂದಿರು ಈ ಕೆಲಸವನ್ನು ಮಾಡಿದ್ದಾರೆ. ಅವರು ಎಣಿಕೆ ತಪ್ಪುತ್ತಿರಲಿಲ್ಲ.

ರಂಗೋಲಿಯೂ ಹಾಗೆಯೇ. ಮೊದಲು ಚುಕ್ಕಿ, ಆಮೇಲೆ ಗೆರೆ. ನೇರ ಚುಕ್ಕಿಯಲ್ಲಿ 1, 3, 5, 7, 5, 3, 1 ಎಂದು ಏಳು ಸಾಲು ಇಟ್ಟರೆ ಒಟ್ಟು 25 ಚುಕ್ಕಿಯಾಗುತ್ತದೆ. ಸಂದು ಚುಕ್ಕಿಯಲ್ಲಿ 4, 5, 6, 7, 6, 5, 4 ಎಂದು ಇಟ್ಟರೆ 37 ಆಗುತ್ತದೆ. ಚುಕ್ಕಿ ಸರಿಯಾಗಿ ಬಿದ್ದ ಮೇಲೆ ಕೈ ಅರ್ಧ ಕೆಲಸ ಮಾಡಿದಂತೆಯೇ.

ಮಲೆನಾಡಿನ ದೀವರ ಮನೆಗಳಲ್ಲಿ ಮದುವೆಯ ಹೊತ್ತಿಗೆ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವೂ ಇದೇ ಕುಲದ್ದು. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ನೇರ ಗೆರೆ, ಓರೆ ಗೆರೆ, ಚೌಕ, ತ್ರಿಕೋನ ಇಷ್ಟರಲ್ಲಿಯೇ ಎಲ್ಲ ಮುಗಿಯುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಅದರಲ್ಲಿ ಶಾಲೆಯ ಹುಡುಗ ಎಳೆಯಲಾರದ ಗೆರೆ ಒಂದೂ ಇಲ್ಲ. ಸಾಲಾಗಿ, ಸಮವಾಗಿ, ಬೇಸರವಿಲ್ಲದೆ ಎಳೆಯುವುದರಲ್ಲಿಯೇ ಅದರ ಸೊಬಗೆಲ್ಲ ಇದೆ.

ಹಾಳೆಯ ಮೇಲಿನ ಅಲಂಕಾರವೂ ನಮಗೆ ಹೊಸದಲ್ಲ. ಮೂಡಬಿದಿರೆಯಲ್ಲಿ ಜೈನರು ಕಾಪಾಡಿಕೊಂಡು ಬಂದಿರುವ ಧವಲಾ ಗ್ರಂಥಗಳ ತಾಳೆಗರಿಗಳು 12ನೆಯ ಶತಮಾನದವು. ಭಾಷೆ ಪ್ರಾಕೃತ ಮತ್ತು ಸಂಸ್ಕೃತವಾದರೂ ಲಿಪಿ ಹಳಗನ್ನಡದ್ದು. ಆ ಗರಿಗಳಲ್ಲಿ ಕೆಲವಕ್ಕೆ ಬಣ್ಣದ ಚಿತ್ರಗಳುಂಟು. ಇನ್ನು ನಾವು ದುಡಿಯುವ ಊರುಗಳಲ್ಲಿ ಗುಜರಾತಿ ವ್ಯಾಪಾರಿಗಳ ಅಂಗಡಿಗೆ ದೀಪಾವಳಿಯಲ್ಲಿ ಹೋಗಿ ನೋಡಿರಿ. ಹೊಸ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ‘ಶ್ರೀ’ ಎಂಬ ಅಕ್ಷರವನ್ನು ಮೇಲಿನ ಸಾಲಿಗೆ ಒಂದು, ಅದರ ಕೆಳಗೆ ಎರಡು, ಅದರ ಕೆಳಗೆ ಮೂರು ಎಂದು ಗೋಪುರದಂತೆ ಬರೆದು, ಕುಂಕುಮವಿಟ್ಟು ಪೂಜೆ ಮಾಡುತ್ತಾರೆ. ಒಂದೇ ಮಾತು, ಒಂದು ಎಣಿಕೆ, ಒಂದು ಬಣ್ಣ, ಪುಟ ತುಂಬಿತು. ಲೆಕ್ಕದ ಪುಸ್ತಕಕ್ಕೆ ಸಲ್ಲುವ ಈ ಮರ್ಯಾದೆ ನಮ್ಮ ಬಾಳಿನ ಪುಸ್ತಕಕ್ಕೆ ಏಕೆ ಸಲ್ಲಬಾರದು?

ಬೇಕಾದ ಸಾಮಾನು

ಮಕ್ಕಳು ಗಣಿತಕ್ಕೆ ಉಪಯೋಗಿಸುವ ಚೌಕುಳಿ ನೋಟ್‌ಬುಕ್ಕು ಒಂದು. ಚೌಕ ತೀರ ದೊಡ್ಡದಾಗಿರಬಾರದು. ಅರ್ಧ ಸೆಂಟಿಮೀಟರಿನ ಸುಮಾರಿಗೆ ಇದ್ದರೆ ಒಳ್ಳೆಯದು. ಒಂದು ಪೆನ್ಸಿಲು, ಒಂದು ರಬ್ಬರು, ಒಂದು ಅಡಿಪಟ್ಟಿ, ಒಂದು ಕಪ್ಪು ಬಾಲ್‌ಪೆನ್ನು. ಬಣ್ಣಕ್ಕೆ ಒಂದು ಕೆಂಪು, ಒಂದು ನೀಲಿ ಪೆನ್ಸಿಲು. ಇಷ್ಟೇ.

ಎರಡಕ್ಕಿಂತ ಹೆಚ್ಚು ಬಣ್ಣ ಬೇಡವೆಂದು ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಿಗೆಯಲ್ಲಿ ಹನ್ನೆರಡು ಬಣ್ಣಗಳಿದ್ದರೆ ಹನ್ನೆರಡನ್ನೂ ಹಾಕಬೇಕೆಂಬ ಆಸೆಯಾಗುತ್ತದೆ. ಕೊನೆಗೆ ಪುಟವು ಜಾತ್ರೆಯ ಬೆಂಡು ಬತ್ತಾಸಿನ ಅಂಗಡಿಯಂತಾಗಿ, ನಡುವಿನ ಮಾತು ಕಾಣದೆ ಹೋಗುತ್ತದೆ. ಹಸೆ ಚಿತ್ತಾರದ ಗೋಡೆಯಲ್ಲಿ ಮುಖ್ಯವಾಗಿ ಕಾಣುವುದು ಕೆಂಪು, ಬಿಳಿ ಎರಡೇ. ಆ ಗೋಡೆ ಬಡವೆಂದು ಯಾರೂ ಅಂದಿಲ್ಲ.

ಚೌಕಟ್ಟಿನ ಲೆಕ್ಕ

ಅಂಚು ಕಟ್ಟುವುದರಲ್ಲಿ ಎಲ್ಲರೂ ಸೋಲುವುದು ಮೂಲೆಯಲ್ಲಿ. ಎಡಗಡೆಯಿಂದ ಉತ್ಸಾಹದಿಂದ ಹೊರಟ ವಿನ್ಯಾಸವು ಬಲಗಡೆಯ ಮೂಲೆಗೆ ಬಂದಾಗ ಅರ್ಧಕ್ಕೆ ಕಡಿದುಹೋಗುತ್ತದೆ. ಇದಕ್ಕೆ ಮದ್ದು ಮೊದಲೇ ಎಣಿಸಿಕೊಳ್ಳುವುದು.

ಪುಟದಲ್ಲಿ ಎಷ್ಟೇ ಚೌಕಗಳಿರಲಿ, ಉದ್ದಕ್ಕೆ 31, ಅಗಲಕ್ಕೆ 23 ಚೌಕಗಳ ಒಂದು ಕಟ್ಟನ್ನು ಪೆನ್ಸಿಲಿನಿಂದ ತೆಳುವಾಗಿ ಗುರುತಿಸಿಕೊಳ್ಳಿರಿ. ಅಂಚಿನ ಅಗಲ ಸುತ್ತಲೂ 3 ಚೌಕ. ಹಾಗಾದರೆ ನಾಲ್ಕು ಮೂಲೆಗಳಲ್ಲಿ 3ಕ್ಕೆ 3ರಂತೆ 9 ಚೌಕಗಳ ನಾಲ್ಕು ಮನೆಗಳು ಸಿಗುತ್ತವೆ. ಮೂಲೆಗಳನ್ನು ಬಿಟ್ಟರೆ ಉದ್ದದ ಅಂಚಿಗೆ 25, ಅಗಲದ ಅಂಚಿಗೆ 17 ಚೌಕಗಳು ಉಳಿಯುತ್ತವೆ.

25 ಮತ್ತು 17 ಏಕೆ? 25 ಎಂದರೆ ನಾಲ್ಕಾರಲಿ ಇಪ್ಪತ್ತನಾಲ್ಕು, ಮೇಲೆ ಒಂದು. 17 ಎಂದರೆ ನಾಲ್ಕುನಾಲ್ಕಲಿ ಹದಿನಾರು, ಮೇಲೆ ಒಂದು. ನಾವು ಉಪಯೋಗಿಸುವ ವಿನ್ಯಾಸ ನಾಲ್ಕು ಚೌಕಕ್ಕೊಮ್ಮೆ ಮರಳಿ ಬರುತ್ತದೆ. ನಾಲ್ಕರ ಮಗ್ಗಿಯ ಮೇಲೆ ಒಂದು ಚೌಕ ಹೆಚ್ಚಿಗೆ ಇದ್ದರೆ, ಹೊರಟ ಚೌಕ ಹೇಗಿತ್ತೋ ಮುಟ್ಟಿದ ಚೌಕವೂ ಹಾಗೆಯೇ ಇರುತ್ತದೆ. ಎರಡು ತುದಿಗಳು ಒಂದಕ್ಕೊಂದು ಕನ್ನಡಿ ಹಿಡಿದಂತೆ ಕೂಡುತ್ತವೆ. ಬೇರೆ ಅಳತೆಯ ಪುಟ ಸಿಕ್ಕಿದರೂ ಇದೊಂದು ಸೂತ್ರ ನೆನಪಿರಲಿ: ಮಗ್ಗಿಯ ಮೇಲೆ ಒಂದು.

ಮೂರು ಸುಲಭದ ವಿನ್ಯಾಸಗಳು

ಬಟ್ಟೆಯ ಮಿಲ್ಲಿನಲ್ಲಿ ಕೆಲಸ ಮಾಡುವವರಿಗೆ ಇವು ಮೊದಲೇ ಗೊತ್ತು. ನೇಯ್ಗೆಯ ವಿನ್ಯಾಸವನ್ನು ಬರೆಯುವುದೇ ಚೌಕುಳಿ ಕಾಗದದ ಮೇಲೆ. ಹಾಸಿನ ಎಳೆ ಹೊಕ್ಕಿನ ಎಳೆಯ ಮೇಲೆ ಬರುವಲ್ಲಿ ಚೌಕವನ್ನು ತುಂಬುತ್ತಾರೆ. ಕೆಳಗೆ ಹೋಗುವಲ್ಲಿ ಖಾಲಿ ಬಿಡುತ್ತಾರೆ. ದಿನವೂ ಸಾವಿರಾರು ಮೀಟರು ಬಟ್ಟೆ ಈ ತುಂಬಿದ ಚೌಕ, ಖಾಲಿ ಚೌಕಗಳ ಆಜ್ಞೆಯಂತೆ ಮಗ್ಗದಿಂದ ಇಳಿಯುತ್ತದೆ. ಅವನ್ನೇ ನಾವು ಪುಟದ ಅಂಚಿಗೆ ತಂದುಕೊಳ್ಳೋಣ.

ಮೊದಲನೆಯದು ಸಾದಾ ನೇಯ್ಗೆ. ಮೊದಲ ಸಾಲಿನಲ್ಲಿ ಒಂದು ಚೌಕ ತುಂಬಿರಿ, ಒಂದು ಬಿಡಿರಿ, ಮತ್ತೆ ಒಂದು ತುಂಬಿರಿ. ಎರಡನೆಯ ಸಾಲಿನಲ್ಲಿ ಮೇಲೆ ತುಂಬಿದ್ದಕ್ಕೆ ಕೆಳಗೆ ಖಾಲಿ, ಮೇಲೆ ಖಾಲಿಯಿದ್ದಲ್ಲಿ ಕೆಳಗೆ ತುಂಬು. ಮೂರನೆಯ ಸಾಲು ಮೊದಲಿನಂತೆ. ಚದುರಂಗದ ಹಾಸಿನಂತೆ ಕಾಣುತ್ತದೆ. ನಾವು ತೊಡುವ ಸಾದಾ ಷರ್ಟಿನ ಬಟ್ಟೆಯನ್ನು ಭೂತಗನ್ನಡಿ ಹಿಡಿದು ನೋಡಿದರೆ ಇದೇ ಕಾಣಿಸುತ್ತದೆ. ಮೊದಲ ವಾರ ಇದನ್ನೇ ಮಾಡಿರಿ. ಕೈಗೆ ಚೌಕದ ಅಳತೆ ಕೂಡುತ್ತದೆ.

ಎರಡನೆಯದು ಟ್ವಿಲ್, ಎಂದರೆ ಓರೆಗೆರೆಯ ನೇಯ್ಗೆ. ಜೀನ್ಸ್ ಬಟ್ಟೆಯ ಮೇಲೆ, ಖಾಕಿ ಡ್ರಿಲ್ಲಿನ ಮೇಲೆ ಓರೆಯಾಗಿ ಕಾಣುವ ಗೆರೆಗಳು ಇಂಥ ನೇಯ್ಗೆಯಿಂದಲೇ ಬರುವುದು. ಕೆಳಗಿನ ಸಾಲಿನಲ್ಲಿ 1, 2ನೆಯ ಚೌಕಗಳನ್ನು ತುಂಬಿ 3, 4ನ್ನು ಬಿಡಿರಿ. ನಡುವಿನ ಸಾಲಿನಲ್ಲಿ 2, 3ನ್ನು ತುಂಬಿರಿ. ಮೇಲಿನ ಸಾಲಿನಲ್ಲಿ 3, 4ನ್ನು ತುಂಬಿರಿ. ಸಾಲಿಗೊಂದು ಚೌಕ ಸರಿಯುವುದೇ ಇದರ ಗುಟ್ಟು. ನಾಲ್ಕು ಚೌಕ ಮುಗಿದ ಮೇಲೆ ಮತ್ತೆ ಮೊದಲಿನಿಂದ. ಇಲ್ಲಿ ಉಳಿಯುವ ಒಂದು ಚೌಕವನ್ನು ಅಂಚಿನ ಸರಿಯಾದ ನಡುವಿಗೆ ಬಿಟ್ಟು, ಅಲ್ಲಿಂದ ಬಲಕ್ಕೆ ಬಲಗಡೆಯ ಓರೆ, ಎಡಕ್ಕೆ ಎಡಗಡೆಯ ಓರೆ ಹೊರಡಿಸಿರಿ. 25ರ ಅಂಚಿನಲ್ಲಿ ನಡುವಿನಿಂದ ಆಚೆ 12, ಈಚೆ 12. 17ರ ಅಂಚಿನಲ್ಲಿ ಆಚೆ 8, ಈಚೆ 8. ಎರಡೂ ನಾಲ್ಕರ ಮಗ್ಗಿಯೇ.

ಮೂರನೆಯದು ಅಲೆ. ಒಂದೊಂದು ಕಂಬಸಾಲಿನಲ್ಲಿ ಒಂದೇ ಚೌಕವನ್ನು ತುಂಬತಕ್ಕದ್ದು. ಮೊದಲು ಕೆಳಗಿನದು, ಆಮೇಲೆ ನಡುವಿನದು, ಆಮೇಲೆ ಮೇಲಿನದು, ಮತ್ತೆ ನಡುವಿನದು, ಮತ್ತೆ ಕೆಳಗಿನದು. ಕೆಳಗೆ, ನಡು, ಮೇಲೆ, ನಡು: ಬಾಯಲ್ಲಿ ಹೇಳಿಕೊಳ್ಳುತ್ತ ಹೋದರೆ ತಪ್ಪುವುದಿಲ್ಲ. 25 ಚೌಕಗಳಲ್ಲಿ 6 ಶಿಖರ, 17ರಲ್ಲಿ 4 ಶಿಖರ ಬರುತ್ತವೆ. ಎರಡು ತುದಿಗಳೂ ಕೆಳಗಿನ ಚೌಕದಲ್ಲಿಯೇ ನಿಲ್ಲುತ್ತವೆ. ಇದೇ ಕಸೂತಿಯ ಮುರ್ಗಿಯ ನಡೆ. ಶಿಖರದ ಕೆಳಗೆ ಖಾಲಿ ಉಳಿದಲ್ಲಿ ಕೆಂಪು ಪೆನ್ಸಿಲಿನ ಒಂದು ಚುಕ್ಕಿ ಇಟ್ಟರೆ ಅಂಚು ಕಳೆಗಟ್ಟುತ್ತದೆ.

ಮೂಲೆಯ 9 ಚೌಕಗಳಲ್ಲಿ ನಡುವಿನದನ್ನೂ ನಾಲ್ಕು ತುದಿಯವನ್ನೂ ತುಂಬಿದರೆ ಕಸೂತಿಯ ಮೆಂತಿಯಾಯಿತು. ಅಥವಾ 9 ಚೌಕಗಳಲ್ಲಿ 9 ಚುಕ್ಕಿ ಇಟ್ಟು, ನಡುವಿನ ಚುಕ್ಕಿಯಿಂದ ನಾಲ್ಕು ತುದಿಯ ಚುಕ್ಕಿಗಳಿಗೆ ಎರಡೆರಡು ಬಾಗಿದ ಗೆರೆ ಎಳೆದರೆ ನಾಲ್ಕು ಎಸಳಿನ ಹೂವಾಯಿತು. ನಾಲ್ಕು ಮೂಲೆಗೂ ಒಂದೇ ಹೂವಿರಲಿ.

ಇಷ್ಟು ಬಂದ ಮೇಲೆ ನೀವಿರುವ ಊರನ್ನೇ ಗುರುವಾಗಿ ಮಾಡಿಕೊಳ್ಳಬಹುದು. ಚೆನ್ನೈಯಲ್ಲಿರುವವರಿಗೆ ಬೆಳಗಾದರೆ ಬಾಗಿಲು ಬಾಗಿಲಿಗೂ ಕೋಲಂ ಕಾಣುತ್ತದೆ, ಹೈದರಾಬಾದಿನವರಿಗೆ ಮುಗ್ಗು. ಮುಂಬಯಿ, ಠಾಣೆಯ ಕಡೆಯವರು ವಾರಲಿ ಜನರ ಚಿತ್ರಗಳನ್ನು ನೋಡಿಯೇ ಇರುತ್ತೀರಿ. ಎರಡು ತ್ರಿಕೋನ, ಒಂದು ವೃತ್ತ, ನಾಲ್ಕು ಕಡ್ಡಿ ಸೇರಿದರೆ ಕುಣಿಯುವ ಮನುಷ್ಯನಾಗುತ್ತಾನೆ. ಆ ಜನರ ಜೀವ್ಯಾ ಸೋಮಾ ಮಾಶೆ ಎಂಬವರಿಗೆ ಇದೇ ಕಲೆಗಾಗಿ 2011ರಲ್ಲಿ ಪದ್ಮಶ್ರೀ ದೊರೆಯಿತು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಕಂಡದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದು ಚೌಕಗಳಲ್ಲಿ ಕೂಡಿಸಿ ನೋಡಿರಿ.

ಕನ್ನಡ ಅಕ್ಷರಕ್ಕೆ ಕನ್ನಡದ ಅಳತೆ

ಅಂಚು ಸಿದ್ಧವಾದ ಮೇಲೆ ಒಳಗೆ 25 ಸಾಲು, 17 ಕಂಬಗಳಷ್ಟು ಜಾಗ ಉಳಿದಿರುತ್ತದೆ. ಇಲ್ಲಿ ಇಂಗ್ಲಿಷ್ ಪುಸ್ತಕಗಳನ್ನು ನೋಡಿ ಅಳತೆ ಹಾಕಿದರೆ ಕೆಲಸ ಕೆಡುತ್ತದೆ. ಇಂಗ್ಲಿಷಿನ ದೊಡ್ಡ ಅಕ್ಷರಗಳು ಎರಡು ಗೆರೆಗಳ ನಡುವೆ ಇಟ್ಟಿಗೆಯಂತೆ ಕೂಡುತ್ತವೆ. ನಮ್ಮ ಅಕ್ಷರಗಳು ಹಾಗಲ್ಲ. ಮೇಲೆ ತಲೆಕಟ್ಟು, ಗುಡಿಸು, ಏತ್ವಗಳಿಗೆ ಜಾಗ ಬೇಕು. ಕೆಳಗೆ ಒತ್ತಕ್ಷರಕ್ಕೆ ಜಾಗ ಬೇಕು. ‘ಸ್ವಾತಂತ್ರ್ಯ’ ಎಂಬ ಒಂದು ಮಾತನ್ನು ಇಕ್ಕಟ್ಟಿನಲ್ಲಿ ಬರೆದು ನೋಡಿರಿ. ಅದರ ಒತ್ತುಗಳು ಕೆಳಗಿನ ಸಾಲಿನವರ ತಲೆಯ ಮೇಲೆ ಕಾಲಿಡುತ್ತವೆ.

ಆದುದರಿಂದ ಒಂದು ಸಾಲು ಬರವಣಿಗೆಗೆ 4 ಚೌಕಗಳ ಎತ್ತರ ಕೊಡಬೇಕು. ಅಕ್ಷರದ ಮೈಗೆ 2, ಮೇಲೆ 1, ಕೆಳಗೆ ಒತ್ತಿಗೆ 1. ಅಗಲದಲ್ಲಿ ಸಾಮಾನ್ಯ ಅಕ್ಷರಕ್ಕೆ 3 ಚೌಕ. ದೀರ್ಘವಿದ್ದು ಚಾಚಿಕೊಳ್ಳುವ ಅಕ್ಷರಕ್ಕೆ 4.

‘ಹನಿ ಹನಿ ಕೂಡಿದರೆ ಹಳ್ಳ’ ಎಂಬ ಗಾದೆಯನ್ನು ಬರೆಯಬೇಕೆನ್ನೋಣ. ಮೂರು ಸಾಲು ಮಾಡಿಕೊಳ್ಳಿರಿ. ಮೊದಲ ಸಾಲು ‘ಹನಿ ಹನಿ’: ನಾಲ್ಕು ಅಕ್ಷರಕ್ಕೆ 12, ನಡುವಿನ ಬಿಡುವಿಗೆ 1, ಒಟ್ಟು 13 ಚೌಕ. 17ರಲ್ಲಿ 13 ಕಳೆದರೆ 4. ಎಡಕ್ಕೆ 2, ಬಲಕ್ಕೆ 2 ಬಿಡಿರಿ. ಎರಡನೆಯ ಸಾಲು ‘ಕೂಡಿದರೆ’: ‘ಕೂ’ ಅಕ್ಷರಕ್ಕೆ 4, ಉಳಿದ ಮೂರಕ್ಕೆ 9, ಒಟ್ಟು 13. ಇಲ್ಲಿಯೂ ಎಡಬಲಕ್ಕೆ ಎರಡೆರಡು. ಮೂರನೆಯ ಸಾಲು ‘ಹಳ್ಳ’: ಎರಡು ಅಕ್ಷರಕ್ಕೆ 6, ನಡುವೆ 1, ಒಟ್ಟು 7, ಎಡಬಲಕ್ಕೆ ಐದೈದು. ಮೂರು ಸಾಲಿಗೆ ಎತ್ತರ 12, ಸಾಲುಗಳ ನಡುವೆ ಒಂದೊಂದರಂತೆ 2, ಒಟ್ಟು 14. 25ರಲ್ಲಿ 11 ಉಳಿಯಿತು. ಮೇಲೆ 5, ಕೆಳಗೆ 6 ಬಿಡಿರಿ. ಕೆಳಗಿನ ಬಿಡುವಿನಲ್ಲಿ ತಾರೀಖು, ಊರು ಬರೆಯಬಹುದು.

ಮೊದಲು ಪೆನ್ಸಿಲಿನಿಂದ ಬರೆದು, ದೂರ ಹಿಡಿದು ನೋಡಿ, ಆಮೇಲೆ ಪೆನ್ನು ಹಾಯಿಸಿರಿ. ಶಾಯಿ ಒಣಗಿದ ತರುವಾಯ ರಬ್ಬರು ತಿಕ್ಕಬೇಕು. ಖಾಲಿ ಜಾಗವನ್ನು ಕಂಡು ಹೆದರಬಾರದು. ಊಟದ ಎಲೆಯಲ್ಲಿಯೂ ಅನ್ನದ ಸುತ್ತ ಜಾಗ ಬಿಟ್ಟೇ ಬಡಿಸುತ್ತಾರೆ.

ಯಾವ ಮಾತು?

ಇದುವರೆಗೆ ಹೇಳಿದ್ದೆಲ್ಲ ಕೈಯ ಕೆಲಸ. ಇನ್ನು ಮನಸ್ಸಿನದು. ಅಂಚು ಎಷ್ಟು ಚೆನ್ನಾಗಿದ್ದರೂ ಒಳಗೆ ಬರೆದ ಮಾತು ನಮ್ಮದಲ್ಲದಿದ್ದರೆ ಅದು ಅಂಗಡಿಯಲ್ಲಿ ಸಿಗುವ ಕ್ಯಾಲೆಂಡರಿನಂತೆ. ತಿಂಗಳು ಮುಗಿದರೆ ಹರಿದು ಹಾಕುವುದೇ.

ಈಗ ಬೆಳಗಾದರೆ ಮೊಬೈಲಿಗೆ ಹತ್ತು ಸುಭಾಷಿತಗಳು ಬರುತ್ತವೆ. ಹೂವಿನ ಚಿತ್ರ, ಸೂರ್ಯೋದಯ, ಜಗತ್ತನ್ನೇ ಗೆಲ್ಲು ಎಂಬ ಉಪದೇಶ. ರಾತ್ರಿಪಾಳಿ ಮುಗಿಸಿ ಕಣ್ಣು ಉರಿಯುತ್ತಿರುವವನಿಗೆ ಜಗತ್ತನ್ನು ಗೆಲ್ಲುವ ಮಾತಿನಿಂದ ಏನು ಪ್ರಯೋಜನ? ಅವನಿಗೆ ಬೇಕಾದದ್ದು ಮಧ್ಯಾಹ್ನದವರೆಗೆ ನಿದ್ದೆ ಕೆಡದಿರುವುದು, ಮತ್ತು ಸಂಜೆ ಏಳುವಾಗ ಹಿಡಿದುಕೊಳ್ಳಲು ಒಂದು ಸಣ್ಣ ಆಸರೆ.

ಮಾತನ್ನು ಆರಿಸುವಾಗ ಮೂರು ಜರಡಿ ಹಿಡಿಯಬೇಕು. ಒಂದು, ಅದು ಚಿಕ್ಕದಾಗಿರಬೇಕು. ನಾಲ್ಕೈದು ಶಬ್ದಗಳನ್ನು ಮೀರಬಾರದು. ಎರಡು, ಅದು ಈ ವಾರದ ನಿಮ್ಮ ಬದುಕಿಗೆ ಸಂಬಂಧಪಟ್ಟಿರಬೇಕು. ಮೂರು, ಊರಿನಲ್ಲಿರುವ ಅವ್ವನ ಮುಂದೆಯೋ ಹೆಂಡತಿ ಮಕ್ಕಳ ಮುಂದೆಯೋ ನಾಚಿಕೆಯಿಲ್ಲದೆ ಗಟ್ಟಿಯಾಗಿ ಓದುವಂತಿರಬೇಕು. ಈ ಮೂರು ಜರಡಿಗಳಲ್ಲಿ ದೊಡ್ಡ ದೊಡ್ಡ ಮಾತುಗಳು ಬಹಳ ಮಟ್ಟಿಗೆ ಮೇಲೆಯೇ ಉಳಿಯುತ್ತವೆ.

ಗಾದೆಗಳು ಒಳ್ಳೆಯ ಆರಂಭ. ‘ತಾಳಿದವನು ಬಾಳಿಯಾನು’, ‘ಮನಸ್ಸಿದ್ದರೆ ಮಾರ್ಗ’, ‘ಕೈ ಕೆಸರಾದರೆ ಬಾಯಿ ಮೊಸರು’ ಇಂಥವು. ಅವನ್ನು ಹೇಳಿದವರು ನಮ್ಮಂತೆಯೇ ದುಡಿದು ಉಂಡವರು. ಆದರೆ ಗಾದೆಯಲ್ಲಿಯೇ ನಿಲ್ಲಬಾರದು. ಎರಡು ಮೂರು ವಾರವಾದ ಮೇಲೆ ನಿಮ್ಮದೇ ಮಾತು ಹುಡುಕಿರಿ. ‘ಇಂದಿನ ಕೆಲಸ ಇಂದಿಗೆ.’ ‘ಸಿಟ್ಟು ನಾಳೆಗಿರಲಿ.’ ‘ಕೇಳಿ ತಿಳಿ, ನಾಚಬೇಡ.’ ಇವು ಯಾವ ಮಹಾತ್ಮರೂ ಹೇಳಿದ ಮಾತುಗಳಲ್ಲ. ಆದರೂ ಅವಕ್ಕೆ ಕಾಲ ಬರುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ಉಪದೇಶವೂ ಬೇಕಾಗುವುದಿಲ್ಲ. ನಡೆದ ಸಂಗತಿಯೇ ಸಾಕು. ‘ಸಾಲದ ಕೊನೆಯ ಕಂತು ಕಟ್ಟಿದೆ.’ ‘ತಂಗಿ ಪರೀಕ್ಷೆ ಪಾಸಾದಳು.’ ‘ಅಪ್ಪ ಎದ್ದು ಓಡಾಡಿದರು.’ ಇಂಥ ಒಂದು ಸಾಲನ್ನು ಹಾಳೆಯ ನಡುವೆ ಬರೆದು, ಸುತ್ತಲೂ ಎಣಿಸಿ ಎಣಿಸಿ ಅಂಚು ಕಟ್ಟಿ, ಕೆಳಗೆ ತಾರೀಖು ಹಾಕಿದರೆ, ಅದಕ್ಕಿಂತ ಹೆಚ್ಚಿನ ಸ್ಫೂರ್ತಿಯ ಮಾತು ಯಾವ ಗ್ರಂಥದಲ್ಲಿ ಸಿಕ್ಕೀತು? ಮೂರು ವರ್ಷ ಕಂತು ಕಟ್ಟಿದ ಮನುಷ್ಯನಿಗೆ ಯಾರೂ ಹಾರ ಹಾಕುವುದಿಲ್ಲ, ಸಭೆ ಕೂಡಿಸುವುದಿಲ್ಲ. ಅವನು ತನ್ನ ಪುಟಕ್ಕೆ ತಾನೇ ಹಾಕಿದ ಅಂಚೇ ಅವನ ಹಾರ. ದುಃಖದ ವಾರದಲ್ಲಿಯೂ ಹೀಗೆಯೇ. ಹೋದವರ ಹೆಸರನ್ನು ಬರೆದು, ಸುತ್ತಲೂ ಸಾದಾ ನೇಯ್ಗೆಯ ಅಂಚು ಹಾಕಿ, ಬಣ್ಣ ತುಂಬದೆ ಬಿಟ್ಟರೆ, ಅದೂ ಒಂದು ಗೌರವವೇ.

ಅಂಚು ಹಾಕುವುದಕ್ಕೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಆ ಒಂದು ಗಂಟೆ ಮಾತು ಮನಸ್ಸಿನಲ್ಲಿ ತಿರುಗುತ್ತಿರುತ್ತದೆ. ಮೊಬೈಲಿನ ಮಾತಿನ ಮೇಲೆ ಕಣ್ಣು ಕ್ಷಣಮಾತ್ರ ನಿಲ್ಲುತ್ತದೆ.

ಬರೆಯುವ ಕೈ ಉಳಿಯಲಿ

ಇದೆಲ್ಲ ಬಿಡುವಿನ ವಿನೋದವಲ್ಲವೇ, ಇದಕ್ಕಾಗಿ ಇಷ್ಟು ಪುಟ ಏಕೆ ಎಂದು ಕೆಲವರು ಕೇಳಬಹುದು. ಅದಕ್ಕೆ ಕಾರಣವುಂಟು.

ಹೊರನಾಡಿನಲ್ಲಿರುವ ನಮ್ಮಲ್ಲಿ ಕನ್ನಡ ಮಾತು ಇನ್ನೂ ಗಟ್ಟಿಯಾಗಿದೆ. ಸಡಿಲುತ್ತಿರುವುದು ಕನ್ನಡದ ಬರಹ. ಹಿಂದೆ ಊರಿಗೆ ಕಾಗದ ಬರೆಯಲೇಬೇಕಾಗಿತ್ತು. ಈಗ ಫೋನಿನಲ್ಲಿ ಮಾತು ಮುಗಿಯುತ್ತದೆ. ಕೆಲಸದ ಜಾಗದಲ್ಲಿ ಮರಾಠಿ, ತಮಿಳು, ತೆಲುಗು, ಹಿಂದಿ ಇಲ್ಲವೆ ಇಂಗ್ಲಿಷು. ಪಗಾರದ ಕಾಗದಕ್ಕೆ ಸಹಿ ಹಾಕುವುದನ್ನು ಬಿಟ್ಟರೆ ಪೆನ್ನು ಹಿಡಿಯುವ ಪ್ರಸಂಗವೇ ಇಲ್ಲ, ಆ ಸಹಿಯೂ ಹಲವರದು ಇಂಗ್ಲಿಷಿನಲ್ಲಿ. ಹತ್ತು ವರ್ಷ ಬರೆಯದ ಕೈಗೆ ‘ಜ್ಞ’ ಯಾವ ಕಡೆಗೆ ತಿರುಗುತ್ತದೆ, ‘ಋ’ ಎಲ್ಲಿಂದ ಆರಂಭವಾಗುತ್ತದೆ ಎಂಬುದು ಮರೆತುಹೋಗುತ್ತದೆ. ಬರೆಯುವುದು ಹೋದ ಮೇಲೆ ಓದುವುದೂ ಮೆಲ್ಲಗೆ ಹೋಗುತ್ತದೆ. ಊರಿನ ಹೊಲದ ಪಹಣಿ ಬರುವುದು ಕನ್ನಡದಲ್ಲಿ, ಪಂಚಾಯಿತಿಯ ನೋಟೀಸು ಬರುವುದು ಕನ್ನಡದಲ್ಲಿ. ತನ್ನ ಹೊಲದ ಕಾಗದವನ್ನು ತಾನು ಓದಲಾರದವನು ಅದನ್ನು ಬೇರೆಯವರ ಕೈಗೆ ಕೊಟ್ಟು ಅವರ ಮುಖ ನೋಡಬೇಕಾಗುತ್ತದೆ. ಇದು ಅಭಿಮಾನದ ಪ್ರಶ್ನೆ ಮಾತ್ರವಲ್ಲ, ಅನ್ನದ ಪ್ರಶ್ನೆಯೂ ಹೌದು.

ಮಕ್ಕಳ ವಿಷಯ ಇನ್ನೂ ಕಠಿಣ. ಮನೆಯಲ್ಲಿ ಕನ್ನಡ ಆಡುವ ಮಗು ಶಾಲೆಯಲ್ಲಿ ಬೇರೆ ಲಿಪಿ ಕಲಿಯುತ್ತದೆ. ಅದಕ್ಕೆ ಒತ್ತಾಯದಿಂದ ಕಾಗುಣಿತ ತಿದ್ದಿಸಲು ಕೂತರೆ ಅಳು ಬರುತ್ತದೆ. ಆದರೆ ಅಪ್ಪ ಚೌಕುಳಿ ಪುಸ್ತಕ ಬಿಚ್ಚಿ ಅಂಚು ತುಂಬುತ್ತ ಕೂತರೆ ಮಗು ತಾನಾಗಿಯೇ ಬಂದು ಕೆಂಪು ಪೆನ್ಸಿಲನ್ನು ಕೇಳುತ್ತದೆ. ಅಂಚಿಗೆ ಅದು ಚುಕ್ಕಿ ಇಡಲಿ, ನಡುವಿನ ಅಕ್ಷರವನ್ನು ನೀವು ಬರೆಯಿರಿ. ಮುಂದಿನ ವಾರ ಅದು ಅಕ್ಷರದ ಒಳಗೆ ಬಣ್ಣ ತುಂಬಲಿ. ಅದರ ಮುಂದಿನ ವಾರ ‘ಇದು ಯಾವ ಅಕ್ಷರ ಅಪ್ಪಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ಹೇಳಿಕೊಟ್ಟ ಅಕ್ಷರ ಮರೆಯುವುದಿಲ್ಲ. ಹೆಣ್ಣುಮಕ್ಕಳಿದ್ದ ಮನೆಯಲ್ಲಿ ಅಪ್ಪನಿಗಿಂತ ಅವ್ವನ ಕೈ ಮೇಲಾಗುವುದೂ ಉಂಟು, ಏಕೆಂದರೆ ಚುಕ್ಕಿಯ ಲೆಕ್ಕ ಅವರಿಗೆ ಬಾಯಿಪಾಠ. ಹಾಗಾದರೆ ಅಪ್ಪನೇ ಶಿಷ್ಯನಾಗಲಿ, ಅದರಿಂದ ನಷ್ಟವೇನೂ ಇಲ್ಲ.

ವಾರಕ್ಕೆ ಒಂದು ಪುಟವಾದರೆ ವರ್ಷಕ್ಕೆ 52 ಪುಟ. ಪುಟಕ್ಕೆ ಹತ್ತು ಹದಿನೈದು ಅಕ್ಷರವೆಂದು ಹಿಡಿದರೂ, ವರ್ಷ ಮುಗಿಯುವುದರೊಳಗೆ ಕೈಯು ಕನ್ನಡದ ಅಕ್ಷರವನ್ನು ಐದುನೂರು ಸಲಕ್ಕೂ ಮೇಲೆ, ಅವಸರವಿಲ್ಲದೆ, ಪ್ರೀತಿಯಿಂದ ಬರೆದಿರುತ್ತದೆ. ಯುಗಾದಿಯ ದಿನ ಆ ಪುಸ್ತಕವನ್ನು ಮೊದಲಿನಿಂದ ತಿರುವಿದರೆ, ಕಳೆದ ವರ್ಷ ಏನೂ ಆಗಲಿಲ್ಲವೆಂದು ಯಾರೂ ಹೇಳಲಾರರು.

ನಮ್ಮ ವಾಚನಾಲಯದ ಮೇಜಿನ ಮೇಲೆ ಅಡಿಪಟ್ಟಿಯೂ ಪೆನ್ಸಿಲೂ ಇರುತ್ತವೆ. ಪತ್ರಿಕೆಗಳನ್ನು ಓದಿ ಮುಗಿಸಿದ ತರುವಾಯ ಕುಳಿತು ಬರೆಯುವವರಿಗೆ ಅಡ್ಡಿಯಿಲ್ಲ. ಚೌಕುಳಿ ನೋಟ್‌ಬುಕ್ಕನ್ನು ಮಾತ್ರ ತಾವೇ ತರಬೇಕು. ಬರೆದ ಪುಟವನ್ನು ತೋರಿಸಬೇಕೆಂಬ ಕಡ್ಡಾಯವೇನೂ ಇಲ್ಲ. ತೋರಿಸಲು ಮನಸ್ಸಿದ್ದವರ ಪುಟಗಳನ್ನು ಗೋಡೆಯ ಹಲಗೆಗೆ ಒಂದೊಂದು ವಾರ ಹಚ್ಚೋಣ. ಮೊದಲ ಅಂಚಿಗೆ ‘ಕೆಳಗೆ, ನಡು, ಮೇಲೆ, ನಡು’ ಎಂಬುದನ್ನು ಮರೆಯದಿರಿ. ಮಾತನ್ನು ನಿಮ್ಮ ಈ ವಾರವೇ ಕೊಡುತ್ತದೆ.